ಕಾಗದದ ತುಟಿಯ ಮೀನಿಗೆ ಒಂದು ಕೋಲು

ಅಂಗಡಿಯಲ್ಲಿ ಹರ್ಷ ಗಾಳದ ಕೋಲನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಉಸಿರು ಹಿಡಿದು ನಿಂತಿದ್ದ. ಕೋಲಿನ ತುದಿ ನಿಧಾನವಾಗಿ ಕೆಳಕ್ಕೆ ವಾಲಿತು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇನ್ನೊಂದು ತೆಗೆದ. ಅದು ಹಿಂದಕ್ಕೆ, ದಾರ ಸುತ್ತುವ ರೀಲ್ ಇದ್ದ ಕಡೆಗೆ ವಾಲಿತು. ಅದನ್ನೂ ಸಿಕ್ಕಿಸಿದ.

ಜ್ಯೋತ್ಸ್ನಾಳಿಗೆ ಆ ಬೆರಳನ್ನು ಕಚ್ಚಿಬಿಡಬೇಕು ಅನ್ನಿಸಿತು. ಪ್ರೀತಿಗೋ ಸಿಟ್ಟಿಗೋ ಅವಳಿಗೇ ಖಾತ್ರಿಯಿರಲಿಲ್ಲ.

“ಇನ್ನೆಷ್ಟು ಹೊತ್ತು ಮಾರಾಯಾ? ಅಷ್ಟರಲ್ಲಿ ಮೀನಿಗೆ ಮುದಿ ಪ್ರಾಯ ಬರ್ತದೆ.”

“ಇರು. ಬ್ಯಾಲೆನ್ಸ್ ಇಲ್ದಿದ್ರೆ ಅರ್ಧ ಗಂಟೆಗೆ ಮಣಿಕಟ್ಟು ಹಿಡ್ಕೊಳ್ಳತ್ತೆ. ಅಂಕಲ್‌ಗೆ ನೋವಾಗಬಾರದು.”

“ಅಪ್ಪ ಮಲ್ಪೆಯಲ್ಲಿ ಮೂವತ್ತು ವರ್ಷ ಬೋಟು ನಡೆಸಿದವರು. ಅವರ ಮಣಿಕಟ್ಟಿನ ಚಿಂತೆ ನಿನಗೆ ಬೇಡ.”

“ನನಗಲ್ದೆ ಇನ್ಯಾರಿಗೆ?” ಅಂದ. ಅಂದವನು ಕೋಲುಗಳ ಸಂದಿಯಿಂದ ಅವಳನ್ನು ನೋಡಿದ. ನೋಡಿದ್ದು ಒಂದೇ ಕ್ಷಣ. ಆಮೇಲೆ, ಯಾರದೋ ಮನೆಗೆ ಹೋಗಿ ಏನೋ ಮುಟ್ಟಿಬಿಟ್ಟವನ ಹಾಗೆ, ಕಣ್ಣನ್ನು ಥಟ್ಟನೆ ಬೆಲೆಯ ಚೀಟಿಯ ಮೇಲೆ ಇಟ್ಟುಕೊಂಡ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಎರಡು ವರ್ಷದಿಂದ ಜ್ಯೋತ್ಸ್ನಾ ಈ ಕಿವಿಯನ್ನು ನೋಡುತ್ತ ಬಂದಿದ್ದಾಳೆ. ಬಾಯಿ ಹೇಳದ್ದನ್ನೆಲ್ಲ ಅದು ಹೇಳುತ್ತದೆ. ಆದರೆ ಕಿವಿಯನ್ನು ಅಪ್ಪನ ಮುಂದೆ ನಿಲ್ಲಿಸಿ ಮದುವೆಯ ಮಾತು ಆಡಿಸಲು ಆಗುವುದಿಲ್ಲವಲ್ಲ.

ಸುಮ್ಮನೆ ನಿಲ್ಲಲಾಗದೆ ಅವಳು ಸಾಲಿನಲ್ಲಿದ್ದ ರೀಲ್‌ಗಳ ಹಿಡಿಗಳನ್ನು ಒಂದೊಂದಾಗಿ ತಿರುಗಿಸುತ್ತ ನಡೆದಳು. ಕಿರ್ರ್, ಕಿರ್ರ್. ಆ ವಾರ ಅವಳ ಕೈಕಾಲು ಒಂದು ಕಡೆ ನಿಂತದ್ದಿಲ್ಲ. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯ ಲ್ಯಾಬಿನಲ್ಲಿ ಎರಡು ಫ್ಲಾಸ್ಕ್ ಒಡೆದಿದ್ದಳು. ಮನ್ರೋ ಎಂಬ ಊರಿನಲ್ಲಿದ್ದ ಮನೆಯಿಂದ ಆಫೀಸಿಗೆ ಡ್ರೈವ್ ಮಾಡುವಾಗ ಕಾರಣವಿಲ್ಲದೆ ಲೇನ್ ಬದಲಿಸುತ್ತಿದ್ದಳು.

ಕಾರಣ ಇದ್ದದ್ದು ಮುಂದಿನ ಭಾನುವಾರ. ಆ ದಿನ ಮಧ್ಯಾಹ್ನ ಅವಳೂ ಅವಳ ಅಪ್ಪ ಮೋನಪ್ಪನವರೂ ಮಾರಿಸ್‌ಟೌನಿಗೆ ಊಟಕ್ಕೆ ಹೋಗಬೇಕು. ಅಲ್ಲಿ ಎರಡು ಮೋಟೆಲ್ ಇಟ್ಟುಕೊಂಡಿರುವ ಊರ ಕಡೆಯ ಕುಟುಂಬವಿದೆ. ಮಗ ಪ್ರೀತಮ್. ಒಳ್ಳೆಯ ಹುಡುಗ, ಫೋನಿನಲ್ಲಿ ಮಾತಾಡಿದಾಗ ನಡುವೆ ಮೂರು ಸಲ “ಸೋ” ಅಂದದ್ದು ಬಿಟ್ಟರೆ ತಪ್ಪು ಹುಡುಕುವಂಥದ್ದಿಲ್ಲ. ಊಟದ ಎಲೆಯ ಮುಂದೆಯೇ ಮೋನಪ್ಪನವರು ಮದುವೆಗೆ ಮಾತು ಕೊಡುವವರಿದ್ದರು. ಹೆಂಡತಿ ಜಯಂತಿಯನ್ನು ಊರಲ್ಲಿ ಬಿಟ್ಟು ಅವರು ಅಮೆರಿಕಕ್ಕೆ ಬಂದದ್ದೇ ಅದಕ್ಕೆ.

ಮೀನಿನ ವಿಷಯ ನಡುವೆ ಬಂದದ್ದು ಅವರ ಚಡಪಡಿಕೆಯಿಂದ. ಬಂದ ಹೊಸತರಲ್ಲಿ ಅವರು ಅಡುಗೆಮನೆಯಿಂದ ಹಿತ್ತಲ ಕಡೆಯ ಮರದ ಡೆಕ್ಕಿಗೆ, ಡೆಕ್ಕಿನಿಂದ ಅಡುಗೆಮನೆಗೆ ನಡೆದು ನಡೆದು ಕಾರ್ಪೆಟ್ ಸವೆಸಿದರು. ಒಂದು ದಿನ ಸೇಫ್ಟಿ ಪಿನ್ ಬಗ್ಗಿಸಿ, ಡೆಂಟಲ್ ಫ್ಲಾಸ್ ಕಟ್ಟಿ, ಚಪಾತಿ ಹಿಟ್ಟು ಚುಚ್ಚಿ ಮನೆಗಳ ನಡುವಿನ ಕೊಳದಲ್ಲಿ ಅಂಗೈಯಗಲದ ಮೀನು ಹಿಡಿದೇಬಿಟ್ಟರು. ಸಂಜೆಯೊಳಗೆ ಬಡಾವಣೆಯ ಅಸೋಸಿಯೇಷನ್‌ನವರ ಇಮೇಲ್ ಬಂತು. ಕೊಳ ನೋಡುವುದಕ್ಕೆ ಮಾತ್ರ.

“ನೀರು ನೋಡುವುದಕ್ಕಂತೆ. ಇವರಿಗೆ ಟಿವಿ ಇಲ್ಲವಾ?” ಅಂದಿದ್ದರು ಮೋನಪ್ಪ.

ಆಗ ಜ್ಯೋತ್ಸ್ನಾ ಹರ್ಷನನ್ನು ಮನೆಗೆ ಕರೆತಂದಳು. ಫ್ರೆಂಡ್, ಮೈಸೂರಿನವ, ಇಂಜಿನಿಯರ್, ಲೇಕಿನಲ್ಲಿ ಮೀನು ಹಿಡಿಯುತ್ತಾನೆ ಎಂದು ಪರಿಚಯಿಸಿದಳು. ಮೋನಪ್ಪನವರ ಮುಖ ಅರಳಿತು.

“ಓ, ಮೀನು ತಿನ್ನುವವರಾ ನೀವು?”

“ಇಲ್ಲ ಅಂಕಲ್. ನಾವು ವೆಜಿಟೇರಿಯನ್.”

“ಮತ್ತೆ ಹಿಡಿದು ಎಂತ ಮಾಡ್ತೀರಿ?”

“ಬಿಟ್ಬಿಡ್ತೀನಿ ಅಂಕಲ್.”

ಮೋನಪ್ಪ ಮಗಳ ಕಡೆ ತಿರುಗಿ ತುಳುವಿನಲ್ಲಿ, ಈ ಹುಡುಗನಿಗೆ ಬುದ್ಧಿ ಹೇಳಲು ಮನೆಯಲ್ಲಿ ಯಾರೂ ಇಲ್ಲವಾ ಎಂದು ಕೇಳಿದ್ದರು.

ಈಗ ರೂಟ್ ಒನ್ ಹೆದ್ದಾರಿಯ ಬದಿಯ ಈ ದೊಡ್ಡ ಅಂಗಡಿಯಲ್ಲಿ ಹರ್ಷ ಅವರಿಗೊಂದು ಕೋಲು ಆರಿಸುತ್ತಿದ್ದ. ಹಿಡಿಯಬೇಕಾದದ್ದು ಕ್ರಾಪಿ ಎಂಬ ಮೀನನ್ನು. ಬೆಳ್ಳಿ ಮೈಯ ಮೇಲೆ ಕಪ್ಪು ಚುಕ್ಕೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ವರ್ಷದ ಹಿಂದೆ ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಎಲ್ಲರೂ ಅಂತ್ಯಾಕ್ಷರಿ ಹಾಡುತ್ತಿದ್ದಾಗ ಇವನೊಬ್ಬ ಮರ್ಸರ್ ಲೇಕಿನ ದಡದಲ್ಲಿ ಬೆನ್ನು ಹಾಕಿ ಕೂತಿದ್ದ. ಹಾಡಿನಿಂದ ತಪ್ಪಿಸಿಕೊಂಡು ಹೋದ ಅವಳ ಕೈಗೆ ಕೋಲು ಕೊಟ್ಟು, “ಜೋರಾಗಿ ಎಳೀಬೇಡಿ. ಇದರ ತುಟಿ ಕಾಗದದ ಥರ. ಎಳೆದ್ರೆ ಹರಿದೇ ಹೋಗತ್ತೆ” ಅಂದಿದ್ದ. ತುಟಿ ಎಂಬ ಮಾತಿಗೆ ಅವನ ಕಿವಿ ಮೊದಲ ಸಲ ಕೆಂಪಾದದ್ದು ಆಗಲೇ.

“ಸಿಕ್ತು!” ಹರ್ಷ ಕೂಗಿದ.

ಆರೂವರೆ ಅಡಿಯ ತೆಳ್ಳನೆಯ ಕೋಲು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ರೀಲ್. ಬೆರಳನ್ನು ರೀಲಿನ ಸ್ವಲ್ಪ ಮುಂದೆ ಇಟ್ಟು ಹಿಡಿದ. ಕೋಲು ಅತ್ತಲೂ ಬೀಳಲಿಲ್ಲ, ಇತ್ತಲೂ ಬೀಳಲಿಲ್ಲ. ತಕ್ಕಡಿಯ ದಂಡದಂತೆ ಮಟ್ಟವಾಗಿ ನಿಂತಿತು. ಹಿಡಿದ ಕೈಯನ್ನು ಅಲ್ಲಾಡಿಸಿದರೆ ತುದಿಯೊಂದೇ ಹುಲ್ಲಿನಂತೆ ತುಯ್ದಾಡಿತು.

“ನೋಡು, ಈ ತುದಿ ಎಷ್ಟು ಮೆತ್ತಗಿದೆ. ಮೀನು ಮೂಸಿದ್ರೂ ಕೈಗೆ ಗೊತ್ತಾಗತ್ತೆ. ನಾಲ್ಕು ಪೌಂಡ್ ತಡೆಯೋ ದಾರ ಸಾಕು. ಹೆಸರಾಂತ ಬ್ರ್ಯಾಂಡ್ ಏನಲ್ಲ. ಕೋಲು, ರೀಲ್ ಎರಡೂ ಸೇರಿ ಐವತ್ತು ಡಾಲರ್ ಆಸುಪಾಸು. ಅಂಕಲ್‌ಗೆ ದುಬಾರಿ ಅನ್ನಿಸಬಾರದು ಅಲ್ವಾ? ಎರಡು ನೂರರದ್ದೂ ಹಿಡಿದು ನೋಡ್ದೆ, ತೂಕ ಮುಂದಕ್ಕೇ ಬೀಳತ್ತೆ.”

ಅವಳು ತನ್ನ ಬೆರಳನ್ನು ಅವನ ಬೆರಳಿನ ಪಕ್ಕಕ್ಕೆ ಚಾಚಿದಳು. ಅವನು ಕೋಲನ್ನು ಅದರ ಮೇಲಕ್ಕೆ ದಾಟಿಸಿದ. ದಾಟಿಸಿದ ಮೇಲೂ ಕೈ ತೆಗೆಯಲಿಲ್ಲ. ಬೆರಳಿಗೆ ಬೆರಳು ತಾಗಿಕೊಂಡು, ನಡುವೆ ಆ ಸಣ್ಣ ಭಾರ. ಜ್ಯೋತ್ಸ್ನಾಳ ಚಡಪಡಿಕೆ ಅರೆನಿಮಿಷ ನಿಂತೇಹೋಯಿತು.

“ಇದೆಂತ, ಹಿಡಿಸೂಡಿಯ ಕಡ್ಡಿಯಾ?”

ಮೋನಪ್ಪ ಬಂದಿದ್ದರು. ಅವರ ಹೆಗಲ ಮೇಲೆ ಹತ್ತಡಿಯ ಗಳದಂಥ ಕೋಲು, ಅದರಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ರೀಲ್. ಸಮುದ್ರದ ದಡದಲ್ಲಿ ನಿಂತು ಅಲೆಯಾಚೆಗೆ ಎಸೆಯುವಂಥದ್ದು. ಕ್ಲಿಯರೆನ್ಸಿನಲ್ಲಿ ಅರ್ಧ ಬೆಲೆಗೆ ಇಟ್ಟಿದ್ದರು.

“ಇದು ನೋಡಿ ಕೋಲು! ಹಿಡಿದರೆ ಕೈ ತುಂಬ ಉಂಟು. ಬೆಲೆಯೂ ಅಷ್ಟೇ, ನಿಮ್ಮ ಕಡ್ಡಿಯಷ್ಟೇ. ಹೇಗೆ?”

ಹರ್ಷ ಆ ಕೋಲನ್ನು ನೋಡಿದ. ಅವಳ ಬೆರಳ ಮೇಲಿನದನ್ನು ನೋಡಿದ. ಹೇಳು, ಅಂದುಕೊಂಡಳು ಜ್ಯೋತ್ಸ್ನಾ. ಹೇಳು, ಬಾಯಿ ಬಿಡು.

“ಸರಿ ಅಂಕಲ್. ನಿಮಗಿಂತ ನನಗೆ ಗೊತ್ತಾ?” ಅಂದ ಹರ್ಷ. ಸಿಕ್ಕಿದ್ದ ಕೋಲನ್ನು ಸ್ಟ್ಯಾಂಡಿಗೆ ವಾಪಸ್ ಸಿಕ್ಕಿಸಿದ.

* * *

ಏಪ್ರಿಲ್ ಕೊನೆಯ ವಾರದ ಇಳಿಬಿಸಿಲು ಮರ್ಸರ್ ಲೇಕಿನ ಮೇಲೆ ಚೂರುಚೂರಾಗಿತ್ತು. ಗಾಳಿಗೆ ನೀರು ಒಂದೇ ಸಮನೆ ಕುಲುಕುತ್ತಿತ್ತು. ದಡದಿಂದ ಸ್ವಲ್ಪವೇ ದೂರದಲ್ಲಿ ಮುರಿದು ಬಿದ್ದ ಮರವೊಂದರ ಕೊಂಬೆಗಳು ಮುಳುಗಿದ್ದವು. ಈ ಕಾಲದಲ್ಲಿ ಕ್ರಾಪಿ ಇಂಥ ಕಡೆಯೇ ಗುಂಪು ಕಟ್ಟುವುದು ಎಂದ ಹರ್ಷ. ಮೀನು ಹಿಡಿಯುವ ಲೈಸೆನ್ಸನ್ನು ಫೋನಿನಲ್ಲೇ ಮಾಡಿಸಿದ್ದಾಗಿತ್ತು.

ಮೋನಪ್ಪ ತೋಳು ಮಡಚಿ ಎಸೆದರು. ನೀರಲ್ಲಿ ತೇಲುವ ಬೆಂಡು, ಗಾಳ, ಸಣ್ಣ ಮೀನಿನ ಎರೆ ಎಲ್ಲ ಸೇರಿ ಕೊಂಬೆಗಳ ಮೇಲಿಂದ ಹಾರಿ ಆಚೆಗಿನ ಬಯಲು ನೀರಿಗೆ ಬಿತ್ತು. ಸುತ್ತಿ ತೆಗೆದು ಮತ್ತೆ ಎಸೆದರು. ಈ ಸಲ ಕೊಂಬೆಗೇ ಸಿಕ್ಕಿತು. ದಾರ ಹರಿದು ಹೊಸ ಗಾಳ ಕಟ್ಟಿದರು. ಮೂರನೆಯದು ಸರಿಯಾಗಿ ಬಿತ್ತು. ಆದರೆ ಆ ಗಳಕ್ಕೆ ಮೀನಿನ ಮುಟ್ಟುವಿಕೆ ತಿಳಿಯುವುದಾದರೂ ಹೇಗೆ? ಬೆಂಡು ಮುಳುಗಿದ್ದನ್ನು ಕಣ್ಣಲ್ಲಿ ಕಂಡ ಮೇಲೆ, ಸಮುದ್ರದ ದೊಡ್ಡ ಅಂಜಲ್ ಮೀನನ್ನು ಎಳೆಯುವ ಬಲದಲ್ಲಿ ಜಗ್ಗಿದರು.

ಗಾಳ ಖಾಲಿ ಬಂತು. ಅದರ ಕೊಕ್ಕೆಯಲ್ಲಿ ಉಗುರಿನಷ್ಟು ಪಾರದರ್ಶಕ ಚರ್ಮ ಅಂಟಿಕೊಂಡಿತ್ತು.

“ಎಂತ ಇದು?”

“ತುಟಿ ಅಂಕಲ್. ಹರೀತು.”

“ಓ.”

ಮತ್ತೊಮ್ಮೆಯೂ ಹಾಗೆಯೇ ಆಯಿತು. ಅದರ ನಂತರದ್ದೂ.

ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಒಬ್ಬ ಚೀನೀ ಅಜ್ಜಿ ಕೂತಿದ್ದರು. ತಲೆಗೆ ಹೂವಿನ ಟೋಪಿ. ಕೈಯಲ್ಲಿ ಹರ್ಷ ಸ್ಟ್ಯಾಂಡಿಗೆ ಹಿಂತಿರುಗಿಸಿದಂಥದ್ದೇ ಒಂದು ಕಡ್ಡಿ. ಅವರು ಎಳೆಯುತ್ತಲೇ ಇರಲಿಲ್ಲ. ಬೀಗರಿಗೆ ತಾಂಬೂಲ ಎತ್ತಿಕೊಡುವವರ ಹಾಗೆ ಕೈಯನ್ನು ಸುಮ್ಮನೆ ಮೇಲೆತ್ತುತ್ತಿದ್ದರು, ಮೀನು ಜೊತೆಗೇ ಬರುತ್ತಿತ್ತು. ಒಂದಾದ ಮೇಲೊಂದು. ಪ್ರತಿ ಸಲವೂ ಮೋನಪ್ಪನವರ ಕಡೆ ತಿರುಗಿ ನಗುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ.

ಮಲ್ಪೆಯ ಬಂದರಿನಲ್ಲಿ ಮೋನಪ್ಪನವರ ಬೋಟು ಬಂತೆಂದರೆ ಬುಟ್ಟಿ ಹಿಡಿದ ಹೆಂಗಸರು ಓಡಿ ಬರುತ್ತಿದ್ದರು. ಆ ಮನುಷ್ಯ ಈಗ ಹೂವಿನ ಟೋಪಿಯ ಪಕ್ಕದಲ್ಲಿ ಖಾಲಿ ಬಕೆಟ್ ಇಟ್ಟುಕೊಂಡು ನಿಂತಿದ್ದರು. ಅಪ್ಪ ಬಕೆಟನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ್ದನ್ನು ಜ್ಯೋತ್ಸ್ನಾ ನೋಡಿದಳು. ಆಮೇಲೆ ನೋಡಲಾಗದೆ ದಡದ ಉದ್ದಕ್ಕೂ ನಡೆದಳು, ಕಲ್ಲು ಒದ್ದಳು, ತಿರುಗಿ ಬಂದಳು.

“ಇವತ್ತು ಗಾಳಿ ಜಾಸ್ತಿ ಅಂಕಲ್. ಅದಕ್ಕೇ” ಅನ್ನುತ್ತಿದ್ದ ಹರ್ಷ.

“ಗಾಳಿ ಆ ಅಜ್ಜಿಗೆ ಇಲ್ಲವಾ?” ಅಂದರು ಮೋನಪ್ಪ. ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ ಕಾರಿನ ಕಡೆ ನಡೆದರು.

* * *

ಅಪ್ಪ ಕಾರಿನೊಳಗೆ ಕಣ್ಣು ಮುಚ್ಚಿ ಕೂತದ್ದನ್ನು ಖಚಿತ ಮಾಡಿಕೊಂಡು ಜ್ಯೋತ್ಸ್ನಾ ಹರ್ಷನನ್ನು ಪಾರ್ಕಿಂಗ್ ಲಾಟಿನ ತುದಿಗೆ ಎಳೆದೊಯ್ದಳು.

“ನಿನಗೆ ಗೊತ್ತಿತ್ತು.”

“ಏನು?”

“ಆ ಕೋಲಿಂದ ಇಲ್ಲಿ ಒಂದು ಮೀನೂ ಬರುವುದಿಲ್ಲ ಅಂತ. ಅಂಗಡಿಯಲ್ಲೇ ಗೊತ್ತಿತ್ತು.”

ಹರ್ಷ ಕಾರಿನ ಕೀಯನ್ನು ಬೆರಳಿಗೆ ಸುತ್ತುತ್ತ ಹೇಳಿದ, “ಜ್ಯೋತ್ಸ್ನಾ, ಅವರು ಅಷ್ಟು ಖುಷಿಯಿಂದ ತಂದ್ರು. ಹಿರಿಯರು. ನಾನು ಅಡ್ಡ ಮಾತಾಡಿ ಮೊದಲ್ನೇ ವಾರವೇ ಕೆಟ್ಟವನಾಗ್ಲಾ? ಮೊದಲು ಅವರಿಗೆ ನಾನು ಇಷ್ಟ ಆಗ್ಲಿ ಅಂತ...”

“ಇಷ್ಟ ಆದೆಯಾ?”

ಅವನು ಕೀಯನ್ನು ಇನ್ನೊಂದು ಸುತ್ತು ಸುತ್ತಿದ.

“ಅಪ್ಪ ಜೀವಮಾನದಲ್ಲಿ ಬರಿಗೈಯಲ್ಲಿ ದಡಕ್ಕೆ ಬಂದವರಲ್ಲ. ಇವತ್ತು ಬಂದರು. ಅದು ನಿನ್ನ ಮರ್ಯಾದೆಯಿಂದ. ನೀನು ‘ಬೇಡ ಅಂಕಲ್’ ಅಂದಿದ್ದರೆ ಅಂಗಡಿಯಲ್ಲಿ ಎರಡು ನಿಮಿಷ ಮುಖ ಊದಿಸಿಕೊಳ್ತಿದ್ದರು, ಅಷ್ಟೇ.”

“ಸಾರಿ.”

“ನನಗೆ ಸಾರಿ ಬೇಡ. ನನಗೆ ಹೆದರಿಕೆ ಆಗ್ತಾ ಉಂಟು ಹರ್ಷ.” ಅವಳು ಕೈಕಟ್ಟಿದಳು, ಬಿಟ್ಟಳು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದಳು. “ಅಪ್ಪನಿಗೆ ನಮ್ಮ ವಿಷಯ ಹೇಳುವುದು ನನಗೆ ಕಷ್ಟ ಅಲ್ಲ. ಈಗಲೇ ಕಾರಿನ ಬಾಗಿಲು ತೆಗೆದು ಹೇಳ್ತೇನೆ. ಮತ್ತೆ? ಅವರು ನಿನ್ನನ್ನು ಕರೆದು, ‘ನೋಡಿ, ನೀವು ಒಳ್ಳೆಯವರು, ಆದರೆ ಇದು ಬೇಡ’ ಅಂದರೆ ನೀನು ಎಂತ ಹೇಳ್ತೀ ಗೊತ್ತುಂಟಾ?”

“ಏನು?”

“‘ಸರಿ ಅಂಕಲ್.’”

ಹರ್ಷನ ಕಿವಿ ಕೆಂಪಾಯಿತು. ಈ ಸಲ ಅದು ಪ್ರೀತಿಯ ಕೆಂಪಲ್ಲ.

“ಹಾಗೆ ಹೇಳಲ್ಲ.”

“ಒಂದು ಕಡ್ಡಿಗೆ ಹೇಳಲಿಲ್ಲ ನೀನು. ನನಗೆ ಹೇಳ್ತೀಯಾ?”

ಅವಳು ತಿರುಗಿ ನಡೆದಳು. ಹಿಂದಿನಿಂದ ಅವನು ಕರೆಯಬಹುದು ಎಂದು ನಿಧಾನ ಮಾಡಿದಳು. ಕೀ ಬೆರಳಿಂದ ಜಾರಿ ಟಾರಿನ ಮೇಲೆ ಬಿದ್ದ ಸದ್ದು ಮಾತ್ರ ಕೇಳಿಸಿತು.

* * *

ವಾರವಿಡೀ ಅವನು ಕಾಲ್ ಮಾಡಲಿಲ್ಲ. ಒಂದು ಮೆಸೇಜ್ ಬಂತು: “ಯೋಚನೆ ಮಾಡ್ತಿದ್ದೀನಿ.” ಜ್ಯೋತ್ಸ್ನಾ ಅದನ್ನು ಲ್ಯಾಬಿನಲ್ಲಿ, ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ ಓದಿದಳು. ಎಷ್ಟು ಸಲ ಓದಿದರೂ ಅಷ್ಟೇ ಇತ್ತು. ಯೋಚನೆ ಮಾಡುವವರನ್ನು ಪ್ರೀತಿಸಬಾರದು ಅನ್ನಿಸಿತು. ಯೋಚನೆಯೇ ಮಾಡದ ಪ್ರೀತಮ್ ಥರದವರನ್ನು ಕಟ್ಟಿಕೊಂಡು ಮೋಟೆಲಿನ ಬೆಡ್‌ಶೀಟ್ ಎಣಿಸುತ್ತ ಆರಾಮಾಗಿ ಇರಬಹುದು. ಹಾಗಂದುಕೊಂಡ ಮರುಗಳಿಗೆ ಅಂಗಡಿಯಲ್ಲಿ ಬೆರಳಿಗೆ ತಾಗಿದ್ದ ಬೆರಳಿನ ಬಿಸಿ ನೆನಪಾಗಿ ತನ್ನ ಮೇಲೆಯೇ ರೇಗಿತು.

ಮೋನಪ್ಪನವರು ಗಳವನ್ನು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿ, ಮತ್ತೆ ಡೆಕ್ಕಿಗೂ ಅಡುಗೆಮನೆಗೂ ನಡೆಯತೊಡಗಿದ್ದರು.

“ಆ ನಿನ್ನ ಫ್ರೆಂಡ್ ಬರಲಿಲ್ಲವಾ?” ಶುಕ್ರವಾರ ಕೇಳಿದರು.

“ಇಲ್ಲ.”

“ಪಾಪದ ಹುಡುಗ. ಎಂತ ಹೇಳಿದರೂ ತಲೆ ಆಡಿಸ್ತದೆ.” ಮತ್ತೆ ಸೇರಿಸಿದರು, “ನಮ್ಮ ಬೋಟಿನಲ್ಲಿ ಅಂಥವರನ್ನು ನಾನು ಸೇರಿಸ್ತಿರಲಿಲ್ಲ. ಬಲೆ ಸಿಕ್ಕಿಕೊಂಡಿದೆ ಅಂತ ಕಣ್ಣಿಗೆ ಕಂಡರೂ, ಎಳಿ ಅಂದರೆ ಎಳೀತಾರೆ.”

ಜ್ಯೋತ್ಸ್ನಾ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟಳು.

* * *

ಶನಿವಾರ ಮಧ್ಯಾಹ್ನ ಬೆಲ್ ಆಯಿತು. ಹರ್ಷ ನಿಂತಿದ್ದ. ಶೇವ್ ಮಾಡಿರಲಿಲ್ಲ, ಅಂಗಿಯ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಅವಳನ್ನು ನೋಡಿದ, ಆದರೆ ಮಾತಾಡಿದ್ದು ಅವಳ ಹಿಂದೆ ನಿಂತವರ ಜೊತೆ.

“ಅಂಕಲ್, ಅಂಗಡಿಗೆ ಹೋಗ್ಬೇಕು. ಬನ್ನಿ.”

“ಎಂತಕ್ಕೆ?”

“ಬೇರೆ ಕೋಲು ತರೋಕೆ.”

“ಕೋಲು ಉಂಟಲ್ಲ.”

“ಅದು ಆಗಲ್ಲ ಅಂಕಲ್. ಚಪ್ಪಲಿ ಹಾಕ್ಕೊಳ್ಳಿ.”

ಮೋನಪ್ಪ ಮಗಳ ಮುಖ ನೋಡಿದರು. ಮಗಳು ಚಾವಣಿ ನೋಡಿದಳು.

ಅಂಗಡಿಯಲ್ಲಿ ಜ್ಯೋತ್ಸ್ನಾ ಬೇಕೆಂದೇ ಅವರ ಜೊತೆ ನಿಲ್ಲಲಿಲ್ಲ. ಪಕ್ಕದ ಸಾಲಿಗೆ ಹೋಗಿ ಎರೆ ಹಾಕುವ ಡಬ್ಬಿಗಳನ್ನು ಎತ್ತಿ ಇಡುತ್ತ ಕಿವಿ ಅತ್ತ ಕೊಟ್ಟಳು. ನಡುವೆ ಇದ್ದದ್ದು ಬೆಂಡುಗಳನ್ನು ತೂಗುಹಾಕಿದ ಒಂದು ಕಪಾಟು. ಸಂದಿಯಿಂದ ಇಬ್ಬರೂ ಕಾಣುತ್ತಿದ್ದರು.

ಹರ್ಷ ಅದೇ ತೆಳು ಕೋಲನ್ನು ತೆಗೆದು ಮೋನಪ್ಪನವರ ಬೆರಳ ಮೇಲೆ ಇಟ್ಟ. ಅದು ಮಟ್ಟವಾಗಿ ನಿಂತಿತು.

“ನಿಂತಿತು. ಅದಕ್ಕೆ? ಇದು ಮಕ್ಕಳ ಆಟದ್ದು ಮಾರಾಯ್ರೆ. ನನ್ನ ಕೈಗೆ ಇದು ಗೊತ್ತೇ ಆಗುವುದಿಲ್ಲ.”

“ಕೈಗೆ ಗೊತ್ತಾಗಬಾರದು ಅಂಕಲ್. ಆಗಲೇ ಮೀನು ಗೊತ್ತಾಗೋದು.”

“ಬೇಡ, ಬೇಡ. ನನಗೆ ಆ ದೊಡ್ಡದೇ ಅಭ್ಯಾಸ. ಗಾಳಿ ಇಲ್ಲದ ದಿನ ಅದರಲ್ಲೇ...”

“ಇಲ್ಲ ಅಂಕಲ್.”

ಜ್ಯೋತ್ಸ್ನಾಳ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು.

“ಗಾಳಿಯಿಂದ ಅಲ್ಲ. ಅವತ್ತು ನಾನು ಸುಳ್ಳು ಹೇಳ್ದೆ. ಆ ಕೋಲು ಸಮುದ್ರದ್ದು. ಕ್ರಾಪಿ ತುಟಿ ಅದರ ಎಳೆತಕ್ಕೆ ನಿಲ್ಲಲ್ಲ. ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ.”

ಮೋನಪ್ಪನವರ ಧ್ವನಿ ತಣ್ಣಗಾಯಿತು. “ಅವತ್ತೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ನನ್ನನ್ನು ಆ ಟೋಪಿ ಅಜ್ಜಿಯ ಪಕ್ಕ ಅಷ್ಟು ಹೊತ್ತು ನಿಲ್ಲಿಸಿದಿರಾ?”

“ಹೌದು. ನಿಮಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ದೆ. ಅದರಿಂದ ನಿಮಗೆ ಇನ್ನೂ ದೊಡ್ಡ ಬೇಜಾರಾಯ್ತು. ತಪ್ಪು ನಂದು.” ಹರ್ಷ ಅವರ ಬೆರಳ ಮೇಲೆ ವಾಲುತ್ತಿದ್ದ ಕೋಲನ್ನು ಮತ್ತೆ ಮಟ್ಟ ಮಾಡಿದ. “ಆ ದೊಡ್ಡದು ಮನೇಲಿರ್ಲಿ. ಬೇಸಿಗೇಲಿ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ, ಅಲ್ಲಿ ನೀವು ಹೇಳಿಕೊಡಿ, ನಾನು ಕಲೀತೀನಿ. ಆದ್ರೆ ಇಲ್ಲಿಗೆ ಇದೇ. ನೀವು ಬೇಡ ಅಂದ್ರೂ ನಾನು ಇದನ್ನೇ ತಗೊಳ್ಳೋದು.”

ಮೋನಪ್ಪ ಕೋಲನ್ನು ಬೆರಳ ಮೇಲಿಂದ ಕೈಗೆ ತೆಗೆದುಕೊಂಡರು. ಹರ್ಷ ಬಿಲ್ ಕೌಂಟರಿನ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ಬಂದ.

“ಇನ್ನೊಂದು ಅಂಕಲ್.”

“ಇನ್ನೂ ಉಂಟಾ?”

“ನಾಳೆ ಮಾರಿಸ್‌ಟೌನಲ್ಲಿ ಮಾತು ಕೊಡಬೇಡಿ. ಜ್ಯೋತ್ಸ್ನಾನ ನಾನು ಮದುವೆ ಆಗ್ಬೇಕು ಅಂತಿದ್ದೀನಿ. ಅವಳಿಗೂ ಇಷ್ಟ. ಇತ್ತು. ಈ ವಾರದ್ದು ಗೊತ್ತಿಲ್ಲ, ಕೇಳ್ಬೇಕು. ನಮ್ಮ ಜಾತಿ ಬೇರೆ, ನಾನು ಮೀನು ತಿನ್ನಲ್ಲ, ನಿಮಗೆ ಹಿಡಿಸದೇ ಇರೋ ವಿಷಯ ಇನ್ನೂ ಹತ್ತಿರಬಹುದು. ಮೈಸೂರಲ್ಲಿ ನಮ್ಮಮ್ಮಂಗೆ ನಿನ್ನೆ ರಾತ್ರಿ ಹೇಳ್ದೆ, ಅವರು ಇನ್ನೂ ಅಳ್ತಿದ್ದಾರೆ. ನೀವು ಬೇಡ ಅನ್ನಬಹುದು. ಅಂದ್ರೆ ನಾನು ಸರಿ ಅನ್ನಲ್ಲ. ನಾಳೆ ಬರ್ತೀನಿ, ನಾಳಿದ್ದು ಬರ್ತೀನಿ. ಬರ್ತಾನೇ ಇರ್ತೀನಿ.”

ಬೆಂಡುಗಳ ಹಿಂದೆ ಜ್ಯೋತ್ಸ್ನಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬಾಯಿಪಾಠ ಮಾಡಿ ಬಂದಿದ್ದ, ಗೊತ್ತಾಗುತ್ತಿತ್ತು. ನಡುವೆ ಎರಡು ಕಡೆ ಉಸಿರು ತಪ್ಪಿತ್ತು. ಇದಕ್ಕಿಂತ ಚಂದದ ಮಾತುಗಳನ್ನು ಅವಳು ತನ್ನ ಮನಸ್ಸಿನಲ್ಲೇ ಅವನ ಬಾಯಿಗೆ ಕೊಟ್ಟು ನೋಡಿದ್ದಳು. ಅವು ಯಾವುವೂ ಹೀಗೆ ಅವಳ ಕಣ್ಣಿಗೆ ನೀರು ತಂದಿರಲಿಲ್ಲ.

ಮೋನಪ್ಪ ಬಹಳ ಹೊತ್ತು ಕೋಲಿನ ತುದಿಯನ್ನು ಬಗ್ಗಿಸಿ ಬಿಡುತ್ತ ನಿಂತರು. ಕೊನೆಗೆ ಕಪಾಟಿನ ಕಡೆ ನೋಡದೆಯೇ ಕೂಗಿದರು.

“ಮಗಾ, ಆ ಡಬ್ಬಿ ತೆಗೊಳ್ಳುವುದಾದರೆ ತೆಗೊ. ಎಷ್ಟು ಹೊತ್ತು ಅಪ್ಪಿಕೊಂಡು ನಿಲ್ಲುವುದು?”

* * *

ಸಂಜೆಯಾಗಿತ್ತು. ಲೇಕಿನ ನೀರು ಇವತ್ತೂ ಕುಲುಕುತ್ತಿತ್ತು, ಗಾಳಿಯೂ ಅಷ್ಟೇ ಇತ್ತು. ಹೂವಿನ ಟೋಪಿಯ ಅಜ್ಜಿ ಹಳೆಯ ಜಾಗದಲ್ಲೇ ಕೂತಿದ್ದರು. ಮೋನಪ್ಪ ಅವರಿಗೆ ತಲೆಬಾಗಿಸಿ, ತನ್ನ ಹೊಸ ಕಡ್ಡಿಯನ್ನು ಎತ್ತಿ ತೋರಿಸಿದರು. ಅಜ್ಜಿ ಹೆಬ್ಬೆರಳು ಎತ್ತಿದರು.

ಕಾರಿನಲ್ಲಿ ಬರುವಾಗ ಮೋನಪ್ಪ ಹೌದು ಅಂದಿರಲಿಲ್ಲ, ಇಲ್ಲ ಅಂದಿರಲಿಲ್ಲ. ಈಗಲೂ ಬೆನ್ನು ಹಾಕಿಯೇ ನಿಂತರು. ಮಣಿಕಟ್ಟನ್ನು ಮಾತ್ರ ಆಡಿಸಿ ಎಸೆದರು. ಬೆಂಡು ಕೊಂಬೆಗಳ ಸಂದಿಗೆ ಸದ್ದಿಲ್ಲದೆ ಇಳಿಯಿತು.

ಹಿಂದೆ ಹುಲ್ಲಿನ ಮೇಲೆ ಹರ್ಷ, ಅವನಿಂದ ಒಂದು ಬಕೆಟಿನ ಅಂತರದಲ್ಲಿ ಜ್ಯೋತ್ಸ್ನಾ.

“ಗುಂಡಿ ತಪ್ಪಾಗಿ ಹಾಕಿದ್ದೀ” ಎಂದಳು ಮೆಲ್ಲಗೆ.

“ಗೊತ್ತು. ಅಂಗಡೀಲಿ ನೋಡ್ಕೊಂಡೆ. ಅಂಕಲ್ ಮುಂದೆ ಸರಿ ಮಾಡ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ.”

“ಈಗ?”

“ಈಗಲೂ ಇಲ್ಲ.”

ಅವಳು ಬಕೆಟನ್ನು ಆಚೆ ಸರಿಸಿದಳು. ಅವನ ಅಂಗಿಯ ಗುಂಡಿ ಬಿಚ್ಚಿ, ಸರಿಯಾದ ಕಾಜಿಗೆ ಹಾಕಿದಳು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಸಿತು. ಅವನು ಉಸಿರು ಬಿಡದೆ ಕೂತ. ಅವಳ ಹಣೆಯ ಮೇಲೆ ಗಾಳಿಗೆ ಬಿದ್ದ ಕೂದಲನ್ನು ಸರಿಸಲೋ ಬೇಡವೋ ಎಂದು ಅವನ ಬೆರಳು ಎದ್ದು, ನಡುದಾರಿಯಲ್ಲಿ ನಿಂತಿತು.

“ಯೋಚನೆ ಮಾಡ್ಬೇಡ” ಎಂದಳು.

ಅವನು ಕೂದಲನ್ನು ಸರಿಸಿದ.

“ಈ ವಾರದ್ದು ಕೇಳ್ಬೇಕು ಅಂದೆಯಲ್ಲ. ಕೇಳು.”

“ಇಷ್ಟ ಇದೆಯಾ?”

“ಬುಧವಾರ ಇರಲಿಲ್ಲ. ಗುರುವಾರ ಕೊಂದುಹಾಕುವಷ್ಟು ಸಿಟ್ಟಿತ್ತು.” ಅವಳು ಅವನ ಕಿವಿಯ ತುದಿಯನ್ನು ಚಿವುಟಿದಳು. ಅದು ಕೆಂಪೇರಿತು. “ಈಗ ಉಂಟು. ತುಂಬ ಉಂಟು.”

ಅಷ್ಟರಲ್ಲಿ ಬೆಂಡು ನಡುಗಿತು. ಇಬ್ಬರೂ ಎದ್ದು ನಿಂತರು. ಕೋಲಿನ ತುದಿ ಹುಲ್ಲಿನಂತೆ ಬಾಗಿತು. ಮೋನಪ್ಪನವರ ಭುಜ ಅಭ್ಯಾಸದಿಂದ ಬಿಗಿದದ್ದು ಹಿಂದಿನಿಂದಲೇ ಕಾಣಿಸಿತು. ಜಗ್ಗುತ್ತಾರೆ, ಅಂದುಕೊಂಡಳು. ಜಗ್ಗಲಿಲ್ಲ. ಭುಜ ಇಳಿಯಿತು. ಕೈ ಮಾತ್ರ ಮೇಲೆದ್ದಿತು, ನಿಧಾನಕ್ಕೆ, ನಿದ್ದೆ ಹೋದ ಮಗುವಿನ ತಲೆಯಡಿಯಿಂದ ತೋಳು ತೆಗೆಯುವ ಹಾಗೆ. ನೀರೊಡೆದು ಬೆಳ್ಳಿಯ ಮೇಲೆ ಕಪ್ಪು ಚೆಲ್ಲಿದಂಥ ಮೀನು ಹೊರಬಂತು. ತುಟಿ ಹರಿದಿರಲಿಲ್ಲ.

ಅವರು ಅದನ್ನು ಬಿಡಿಸಿ ಅಂಗೈಯಲ್ಲಿ ಹಿಡಿದು ನೋಡಿದರು. ಅಜ್ಜಿ ಚಪ್ಪಾಳೆ ತಟ್ಟಿದರು.

“ಇದನ್ನು ಬಿಡುವುದಾ, ನಿಮ್ಮ ಹಾಗೆ?” ಹರ್ಷನನ್ನು ಕೇಳಿದರು.

“ನೀವು ಹಿಡಿದದ್ದು ಅಂಕಲ್. ನಿಮ್ಮಿಷ್ಟ. ನಾನು ಹಿಡಿದದ್ದನ್ನ ಮಾತ್ರ ನಾನು ಬಿಡ್ತೀನಿ.”

ಮೋನಪ್ಪ ಮೀನನ್ನು ಬಕೆಟಿಗೆ ಹಾಕಿದರು. ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ನೀರಿನ ಕಡೆಗೇ ಮುಖ ಮಾಡಿ ಹೇಳಿದರು:

“ನಾಳೆ ಊಟಕ್ಕೆ ಹೋಗದಿದ್ದರೆ ಚಂದ ಅಲ್ಲ. ಅವರು ಅಡುಗೆ ಮಾಡಿರ್ತಾರೆ. ಹೋಗುವ. ಪ್ರೀತಮ್‌ನ ಅಪ್ಪನಿಗೆ ನಾನೇ ಹೇಳ್ತೇನೆ. ನೀನೂ ಬಾ, ಡ್ರೈವ್ ಮಾಡ್ಲಿಕ್ಕೆ ಜನ ಬೇಕು.”

ಹರ್ಷನಿಗೆ ಮೊದಲ ಸಲ ನೀನು ಅಂದಿದ್ದರು.

“ನಿನ್ನ ಅಮ್ಮನ ನಂಬರ್ ಕೊಡು. ಅಳುವವರ ಹತ್ತಿರ ಮಾತಾಡಿ ನನಗೆ ಅಭ್ಯಾಸ ಉಂಟು. ಇವಳ ಅಮ್ಮ ಜಯಂತಿಯೂ ಅಳ್ತಾಳೆ, ಊರಿಗೆ ಫೋನು ಮಾಡಿ ಮೊದಲು ಅವಳಿಗೆ ಹೇಳ್ಬೇಕು. ಮತ್ತೆ ನಾಳೆ ಊಟ ಮುಗಿಸಿ ಅಲ್ಲಿಂದ ಸೀದಾ ಇಲ್ಲಿಗೇ ಬರುವ. ಎರಡು ಗಂಟೆಗೆ ಶುರು ಮಾಡಿದರೆ ಬಕೆಟ್ ತುಂಬ್ತದೆ.”

“ಇಲ್ಲ ಅಂಕಲ್” ಎಂದ ಹರ್ಷ.

ಮೋನಪ್ಪ ತಿರುಗಿದರು.

“ಮಧ್ಯಾಹ್ನದ ಬಿಸಿಲಿಗೆ ಮೀನು ಆಳಕ್ಕೆ ಹೋಗತ್ತೆ. ಸಂಜೆ ಬರೋಣ.”

ಮೋನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಗಳನ್ನು ನೋಡಿದರು. ಅವಳು ಈಗ ಎಲ್ಲೂ ನಡೆದಾಡುತ್ತಿರಲಿಲ್ಲ, ಏನನ್ನೂ ತಿರುಗಿಸುತ್ತಿರಲಿಲ್ಲ.

“ನೀನೇ ಕಲಿಸಿದ್ದಾ ಇವನಿಗೆ ಇಲ್ಲ ಅನ್ನಲಿಕ್ಕೆ?” ಎಂದು ಕೇಳಿದರು. “ನಿಲ್ಲಿಸಲಿಕ್ಕೂ ಕಲಿಸು ಮಾರಾಯ್ತಿ. ಇನ್ನು ಜೀವಮಾನ ಇಡೀ ಕೇಳ್ಬೇಕಲ್ಲ ನಾನು.”